ಕೂರುವುದು ಬೇರೆ, ಒಗ್ಗುವುದು ಬೇರೆ

ಹೋದ ಕಾರ್ತಿಕಮಾಸದ ಒಂದು ತಂಪಾದ ಬೆಳಗ್ಗೆ, ಗೊರಗುಂಟೆಪಾಳ್ಯದ ಕಡೆಯಿಂದ ತುಮಕೂರು ರಸ್ತೆಯ ಮೇಲ್ಸೇತುವೆಯನ್ನು ಏರುತ್ತಿದ್ದ ನನ್ನ ಕಾರು, 22 ವರ್ಷಗಳ ಒಡನಾಟದಲ್ಲಿ ಎಂದೂ ಮಾಡದಿದ್ದ ರೀತಿಯಲ್ಲಿ ಮೈಯನ್ನೆಲ್ಲ ನಡುಗಿಸಿಕೊಂಡು, ಎರಡು ಸಲ ಕೆಮ್ಮಿ, ಕಾಲು ಉಳುಕಿದ ಎತ್ತಿನಂತೆ ಕುಂಟತೊಡಗಿತು. ಹಿಂದೆ ಬರುತ್ತಿದ್ದ ಲಾರಿಯವರು ಹಾರ್ನಿನ ಮೂಲಕ ವ್ಯಕ್ತಪಡಿಸಿದ ಅಭಿಪ್ರಾಯಗಳನ್ನು ಇಲ್ಲಿ ದಾಖಲಿಸುವ ಅಗತ್ಯವಿಲ್ಲ. ಅಂತೂ ಇಂತೂ ಪೀಣ್ಯ ಎರಡನೆಯ ಹಂತದಲ್ಲಿ ನನಗೆ ಬಹುಕಾಲದಿಂದ ಪರಿಚಿತರಾದ ಮೇಸ್ತ್ರಿಯವರ ಗ್ಯಾರೇಜನ್ನು ತಲಪಿದೆ. ಅವರು ಬಾನೆಟ್ ಎತ್ತಿ, ಎಂಜಿನ್ ನಡೆಯುತ್ತಿರುವಂತೆಯೇ ಇಂಜೆಕ್ಟರುಗಳ ವಿದ್ಯುತ್ ತಂತಿಯ ಕೊಂಡಿಗಳನ್ನು ಒಂದೊಂದಾಗಿ ಕಳಚಿ ಮತ್ತೆ ಸಿಕ್ಕಿಸುತ್ತ ಬಂದರು. ಮೊದಲನೆಯದನ್ನು ಕಳಚಿದಾಗ ಎಂಜಿನ್ ತಡವರಿಸಿತು, ಎರಡನೆಯದಕ್ಕೂ ತಡವರಿಸಿತು, ಮೂರನೆಯದನ್ನು ಕಳಚಿದಾಗ ಏನೂ ಆಗಲಿಲ್ಲ. "ಇದೇ ಸಾರ್, ಮೂರನೇದು ಮಿಸ್ ಹೊಡೀತಿದೆ. ಇದ್ರೂ ಒಂದೇ, ಇಲ್ದಿದ್ರೂ ಒಂದೇ" ಎಂದರು.

ನಾನು ಜಾಲಹಳ್ಳಿಯ ಕಡೆಯ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಮೂರು ದಶಕಗಳ ಕಾಲ ನಕ್ಷೆ ಬರೆದು ನಿವೃತ್ತನಾದವನು. ಆದ್ದರಿಂದ ಒಂದು ಭಾಗ ಕೆಟ್ಟರೆ ಅದರ ಅಳತೆಯನ್ನು ತಿಳಿದುಕೊಂಡು ಅದಕ್ಕೆ ಸರಿಯಾದ ಮತ್ತೊಂದನ್ನು ತಂದು ಹಾಕಿದರಾಯಿತು ಎಂಬುದು ನನ್ನ ವೃತ್ತಿಜೀವನವೆಲ್ಲ ನಂಬಿಕೊಂಡು ಬಂದ ಸರಳ ಸಿದ್ಧಾಂತ. ಆ ಸಿದ್ಧಾಂತದಲ್ಲಿ "ಅಳತೆಯನ್ನು ತಿಳಿದುಕೊಂಡು" ಎಂಬ ಎರಡು ಪದಗಳಿಗೆ ಎಷ್ಟು ತೂಕವಿದೆಯೆಂಬುದು ಮುಂದಿನ ಐದು ವಾರಗಳ ಅಲೆದಾಟದಲ್ಲಿ ಮನವರಿಕೆಯಾಯಿತು. ನನ್ನ ಕಾರನ್ನು ತಯಾರಿಸಿದ ಕಂಪನಿ ಈ ದೇಶದಲ್ಲಿ ವ್ಯಾಪಾರ ಮುಗಿಸಿಕೊಂಡು ಹೊರಟುಹೋಗಿ ವರ್ಷಗಳೇ ಕಳೆದಿವೆ. ಹೆಸರು ಇಲ್ಲಿ ಬೇಡ.

ಇಂಜೆಕ್ಟರೆಂದರೆ ಏನೆಂಬುದನ್ನು, ಅದನ್ನು ಎಂದೂ ಕೈಯಲ್ಲಿ ಹಿಡಿಯದ ಓದುಗರಿಗಾಗಿ, ಒಂದು ಮಾತಿನಲ್ಲಿ ಹೇಳಬೇಕು. ಅದು ಹೆಬ್ಬೆರಳಿನ ಗಾತ್ರದ, ಒಳಗೆ ತಾಮ್ರದ ತಂತಿಯ ಸುರುಳಿಯೂ ಒಂದು ಸೂಜಿಯೂ ಇರುವ ಕವಾಟ. ವಿದ್ಯುತ್ ಹರಿದಾಗ ಸುರುಳಿಯ ಕಾಂತಶಕ್ತಿಯಿಂದ ಸೂಜಿ ಕೂದಲೆಳೆಯಷ್ಟು ಮೇಲೇರುತ್ತದೆ, ಒತ್ತಡದಲ್ಲಿರುವ ಪೆಟ್ರೋಲು ಸೂಕ್ಷ್ಮರಂಧ್ರಗಳಿಂದ ಮಂಜಿನಂತೆ ಹೊರಬೀಳುತ್ತದೆ, ವಿದ್ಯುತ್ ನಿಂತೊಡನೆ ಸೂಜಿ ಮತ್ತೆ ಕುಳಿತುಕೊಳ್ಳುತ್ತದೆ. ಕಾರು ಸಿಗ್ನಲಿನಲ್ಲಿ ಸುಮ್ಮನೆ ನಿಂತಿರುವಾಗ, ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ, ಪ್ರತಿಯೊಂದು ಇಂಜೆಕ್ಟರೂ ನಿಮಿಷಕ್ಕೆ 400 ಬಾರಿ, ಪ್ರತಿ ಬಾರಿಯೂ ಸೆಕೆಂಡಿನ ಸಾವಿರದ ಎರಡು ಮೂರು ಪಾಲಿನಷ್ಟು ಹೊತ್ತು ಮಾತ್ರ, ಬಾಯಿ ತೆರೆದು ಮುಚ್ಚುತ್ತದೆ. ನನ್ನ ಮೂರನೆಯ ಇಂಜೆಕ್ಟರು 22 ವರ್ಷ ಈ ಕೆಲಸ ಮಾಡಿ ದಣಿದಿದ್ದರೆ ಅದನ್ನು ದೂಷಿಸಲಾರೆ.

ಕಾರ್ಬೊರೇಟರಿನ ಕಾಲದಲ್ಲಿ ಈ ತಾಪತ್ರಯವಿರಲಿಲ್ಲ. ಪದ್ಮಿನಿ, ಅಂಬಾಸಡರುಗಳ ಕಾರ್ಬೊರೇಟರನ್ನು ಆಲದ ಮರದ ಕೆಳಗೆ ಬಿಚ್ಚಿ, ಜೆಟ್ಟಿನ ರಂಧ್ರಕ್ಕೆ ಬಾಯಿಂದ ಊದಿ, ಒಂದು ತಿರುಪನ್ನು ಕಾಲು ಸುತ್ತು ತಿರುಗಿಸಿ ಕಳುಹಿಸುತ್ತಿದ್ದ ಹುಡುಗರನ್ನು ನಾವೆಲ್ಲ ಕಂಡಿದ್ದೇವೆ. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ವಾಯುಮಾಲಿನ್ಯದ ಮೊಕದ್ದಮೆಯಲ್ಲಿ ಹೊಗೆಯ ಮಿತಿಯನ್ನು ಬಿಗಿಗೊಳಿಸಿದ ಮೇಲೆ ಎಂಪಿಎಫ್‌ಐ ಎಂಬ ನಾಲ್ಕಕ್ಷರ (ಸಿಲಿಂಡರಿಗೊಂದು ಇಂಜೆಕ್ಟರೆಂದು ಅರ್ಥ) ಕಾರಿನ ಬೆನ್ನಮೇಲೆ ಹೊಳೆಯತೊಡಗಿತು. 2005ರಲ್ಲಿ ಬಿಎಸ್-3, 2010ರಲ್ಲಿ ಬಿಎಸ್-4 ಮಿತಿಗಳು ಬೆಂಗಳೂರಿಗೂ ಬಂದವು. ಇಂಧನದ ಲೆಕ್ಕ ಮೇಸ್ತ್ರಿಯ ಕಿವಿಯಿಂದ ಇಸಿಎಂ ಅಥವಾ ಇಸಿಯು ಎಂಬ ಗಣಕದ ಪೆಟ್ಟಿಗೆಗೆ ವರ್ಗವಾಯಿತು. ಗಾಳಿ ಶುದ್ಧವಾಯಿತೆಂಬ ಕಾರಣಕ್ಕೆ ಇದನ್ನು ನಾನು ಸ್ವಾಗತಿಸುತ್ತೇನೆ. ಆದರೆ ಕಿವಿ ಎಲ್ಲರಿಗೂ ಇತ್ತು. ಪೆಟ್ಟಿಗೆಯ ಬೀಗದ ಕೈ ಎಲ್ಲರಿಗೂ ಇಲ್ಲ.

ಹುಡುಕಾಟ ಜೆ.ಸಿ. ರಸ್ತೆಯಿಂದ ಮೊದಲಾಯಿತು. ಅಲ್ಲಿನ ಕೌಂಟರುಗಳಲ್ಲಿ ಕೇಳುವ ಪ್ರಶ್ನೆಗಳು ಮೂರೇ: ಗಾಡಿ ಯಾವುದು, ಮಾಡೆಲ್ ಎಷ್ಟು, ಪಾರ್ಟ್ ನಂಬರ್ ಇದೆಯೆ? ಮೂರಕ್ಕೂ ಉತ್ತರ ಕೊಟ್ಟ ಮೇಲೆ ಬರುವ ನಾಲ್ಕನೆಯದು, "ಒರಿಜಿನಲ್ಲಾ, ಲೋಕಲ್ಲಾ?" ಎಂಬುದು. ಒರಿಜಿನಲ್ ಬೇಕೆಂದೆ, ನಗುತ್ತ "ಒರಿಜಿನಲ್ ಬಂದು ಆರು ವರ್ಷ ಆಯ್ತು" ಎಂದರು. ಲೋಕಲ್ ಎಂಬುದರ ಪೆಟ್ಟಿಗೆಯ ಮೇಲೆ ಹೊಳೆಯುವ ಕಾರಿನ ಚಿತ್ರವೊಂದನ್ನು ಬಿಟ್ಟರೆ ಬೇರೆ ಯಾವ ವಿವರವೂ ಇರಲಿಲ್ಲ. ಅಲ್ಲಿಂದ ಶಿವಾಜಿನಗರದ ಗುಜರಿಗೆ ಹೋದೆ. ಹೆಡ್‌ಲೈಟುಗಳು, ಬಾಗಿಲುಗಳು, ಗೇರ್‌ಬಾಕ್ಸುಗಳು ಹಣ್ಣಿನ ರಾಶಿಯಂತೆ ಪೇರಿಸಿಟ್ಟಿರುವ ಆ ಗಲ್ಲಿಯಲ್ಲಿ ವಯಸ್ಸಾದ ಭಾಯ್ ಒಬ್ಬರು ನನ್ನ ಇಂಜೆಕ್ಟರನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ಒಳಗಿನಿಂದ ಒಂದು ಡಬ್ಬ ತಂದು ಸುರಿದು, ಅಣ್ಣತಮ್ಮಂದಿರಂತೆ ಹೋಲುವ ನಾಲ್ಕನ್ನು ಆರಿಸಿಕೊಟ್ಟರು. ಉದ್ದ ಅದೇ, ಕೊಂಡಿ ಅದೇ, ರಬ್ಬರ್ ರಿಂಗು ಕೂರುವ ಕುತ್ತಿಗೆ ಅದೇ. ದರ ಚೌಕಾಸಿ ಮಾಡಿ, ಗೆದ್ದೆನೆಂಬ ಸಂಭ್ರಮದಲ್ಲಿ ಪೀಣ್ಯಕ್ಕೆ ಮರಳಿದೆ.

ಮೇಸ್ತ್ರಿಯವರು ಅವನ್ನು ಎಂಜಿನ್ನಿನ ಹತ್ತಿರಕ್ಕೂ ಒಯ್ಯಲಿಲ್ಲ. ಹಳೆಯ ದಿನಪತ್ರಿಕೆಯೊಂದನ್ನು ಮೇಜಿನ ಮೇಲೆ ಹಾಸಿ, ನನ್ನ ನಾಲ್ಕನ್ನು ಒಂದು ಸಾಲಿನಲ್ಲಿ, ಗುಜರಿಯ ನಾಲ್ಕನ್ನು ಇನ್ನೊಂದು ಸಾಲಿನಲ್ಲಿಟ್ಟು, ಮಲ್ಟಿಮೀಟರಿನ ಎರಡು ಮೊನೆಗಳನ್ನು ಒಂದೊಂದರ ಪಿನ್ನಿಗೂ ತಾಗಿಸಿದರು. ನನ್ನವು 14.5 ಓಮ್, ಗುಜರಿಯವು 2.4. "ಇದನ್ನ ಹಾಕಿದ್ರೆ ಗಾಡಿ ಸ್ಟಾರ್ಟ್ ಆಗತ್ತೆ ಸಾರ್. ಆಮೇಲೆ ಇಸಿಎಂ ಸುಟ್ಹೋಗತ್ತೆ." ಶಾಲೆಯಲ್ಲಿ ಓದಿದ ಓಮನ ನಿಯಮವೇ ಸಾಕು: 14 ವೋಲ್ಟಿನ ಒತ್ತಡದಲ್ಲಿ ಹಳೆಯದರ ಮೂಲಕ ಸುಮಾರು 1 ಆಂಪಿಯರ್ ಹರಿದರೆ ಈ ಹೊಸದರ ಮೂಲಕ 6 ಆಂಪಿಯರಿಗೆ ಸಮೀಪವಾದ ಪ್ರವಾಹ ಹರಿಯುತ್ತದೆ; ಒಂದನ್ನು ಹೊರಲೆಂದು ರಚಿತವಾದ ಟ್ರಾನ್ಸಿಸ್ಟರು ಆರನ್ನು ಹೊರಲಾರದು. ಕಡಿಮೆ ರೋಧದ ಇಂಜೆಕ್ಟರುಗಳೂ ಒಳ್ಳೆಯವೇ, ಆದರೆ ಅವುಗಳ ಮನೆ ಬೇರೆ. ನನ್ನ ಮುಖಭಾವವನ್ನು ಕಂಡೋ ಏನೋ ಮೇಸ್ತ್ರಿಯವರು ಸೇರಿಸಿದರು: "ಕೂರೋದು ಬೇರೆ ಸಾರ್, ಒಗ್ಗೋದು ಬೇರೆ."

ಒಗ್ಗುವುದೆಂದರೇನು ಎಂಬುದನ್ನು ಅವರು ಮುಂದಿನ ಅರ್ಧ ಗಂಟೆಯಲ್ಲಿ ತೋರಿಸಿಕೊಟ್ಟರು. ಗ್ಯಾರೇಜಿನ ಮೂಲೆಯಲ್ಲಿ ನಾಲ್ಕು ಗಾಜಿನ ಕೊಳವೆಗಳನ್ನು ನಿಲ್ಲಿಸಿದ ಒಂದು ಪರೀಕ್ಷಾಯಂತ್ರವಿದೆ. ಇಂಜೆಕ್ಟರುಗಳನ್ನು ಮೇಲೆ ಸಿಕ್ಕಿಸಿ, ಪರೀಕ್ಷಾದ್ರವವನ್ನು 3 ಬಾರ್ ಒತ್ತಡದಲ್ಲಿ ಹಾಯಿಸಿ, ಒಂದು ನಿಮಿಷ ಬಾಯಿ ತೆರೆದೇ ಇಟ್ಟರೆ ಯಾವ ಕೊಳವೆಯಲ್ಲಿ ಎಷ್ಟು ನಿಂತಿತೆಂದು ಮಕ್ಕಳೂ ಓದಬಹುದು. ಒಂದನೆಯದು 182 ಮಿಲಿಲೀಟರ್, ಎರಡನೆಯದು 180, ನಾಲ್ಕನೆಯದು 181; ಮೂರನೆಯದು 118. ಪರಿಮಾಣಕ್ಕಿಂತ ಹೆಚ್ಚು ಮನಸ್ಸಿನಲ್ಲಿ ನಿಂತದ್ದು ಅದರ ಸ್ವರೂಪ: ಮಿಕ್ಕ ಮೂರು ಧೂಪದ ಹೊಗೆಯಂತೆ ಶಂಕುವಾಗಿ ಹರಡಿಕೊಂಡು ಸಿಂಪಡಿಸುತ್ತಿದ್ದರೆ, ಮೂರನೆಯದು ಸೋರುವ ನಲ್ಲಿಯಂತೆ ಒಂದೇ ಎಳೆಯಾಗಿ ಗಾಜಿನ ಗೋಡೆಗೆ ತಾಗಿ ಇಳಿಯುತ್ತಿತ್ತು. ಅಲ್ಟ್ರಾಸೋನಿಕ್ ತೊಟ್ಟಿಯಲ್ಲಿ ಮುಳುಗಿಸಿ, ತಲೆಯೊಳಗಿನ ಪುಟ್ಟ ಜರಡಿಯನ್ನು ಬದಲಿಸಿ ಮತ್ತೆ ಅಳೆದರು. 149ಕ್ಕೆ ಏರಿತು, ಅಲ್ಲಿಗೇ ನಿಂತಿತು. ಕೊಳೆ ಹೋಯಿತು, ಸವೆತ ಹೋಗಲಿಲ್ಲ. ನಾಲ್ಕರ ನಡುವೆ ಶೇಕಡಾ ಎರಡು ಮೂರಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಎಂಜಿನ್ನಿಗೆ ನೆಮ್ಮದಿಯಿಲ್ಲವೆಂದೂ, ಆದುದರಿಂದ ನಾಲ್ಕನ್ನೂ ಒಟ್ಟಿಗೇ ಬದಲಿಸುವುದು ಮೇಲೆಂದೂ ಅವರ ಮತ.

ಹರಿವು, ರೋಧ, ಉದ್ದ, ಕುತ್ತಿಗೆಯ ದಪ್ಪ, ಕೊಂಡಿ, ಸಿಂಪರಣೆಯ ಕೋನ, ಇವಿಷ್ಟೂ ಹೊಂದಬೇಕು. ಹರಿವಿನ ಅಂಕಿಯನ್ನೂ ಯಾವ ಒತ್ತಡದಲ್ಲಿ ಅಳೆದದ್ದೆಂದು ಕೇಳದೆ ನಂಬಕೂಡದು. ಏಕೆಂದರೆ ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ, 3 ಬಾರ್‌ನಲ್ಲಿ 200 ಕೊಡುವ ಇಂಜೆಕ್ಟರು 2.5 ಬಾರ್‌ನಲ್ಲಿ 183 ಮಾತ್ರ ಕೊಡುತ್ತದೆ. ಪ್ರತಿ ಸಿಲಿಂಡರಿಗೆ ಗಾಳಿ ಬರುವ ಕವಾಟ ಎರಡಿದ್ದರೆ ಇಂಜೆಕ್ಟರಿನ ಸಿಂಪರಣೆಯೂ ಕವಲೊಡೆದಿರಬೇಕು, ಒಂದೇ ಆಗಿದ್ದರೆ ಕವಲು ಕೂಡದು. ಇದರ ಮೇಲೆ ಇನ್ನೊಂದು ತೊಡಕನ್ನು ತಂದವನು ವೈಟ್‌ಫೀಲ್ಡಿನ ಒಂದು ಗಾಜಿನ ಕಟ್ಟಡದಲ್ಲಿ ಕುಳಿತು ಯಾವುದೋ ದೂರದೇಶದ ಕಾರಿನ ಎಂಜಿನ್ನಿಗೆ ತಂತ್ರಾಂಶ ಬರೆಯುವ ನನ್ನ ಅಕ್ಕನ ಮಗ. "ಮಾವ, ಕರೆಂಟ್ ಕೊಟ್ಟ ತಕ್ಷಣ ಸೂಜಿ ಏಳಲ್ಲ. ಒಂದು ಮಿಲಿಸೆಕೆಂಡಿನಷ್ಟು ತಡ ಆಗತ್ತೆ. ಬ್ಯಾಟರಿ ವೋಲ್ಟೇಜ್ ಇಳಿದರೆ ಆ ತಡ ಇನ್ನೂ ಜಾಸ್ತಿ. ಪ್ರತಿ ವೋಲ್ಟಿಗೂ ಎಷ್ಟು ತಡ ಅಂತ ಇಸಿಯು ಒಳಗೆ ಒಂದು ಟೇಬಲ್ ಇರತ್ತೆ" ಎಂದ. ನನ್ನ ಕಾರಿನ ಆ ಕೋಷ್ಟಕ ಎಲ್ಲಿ ಸಿಗುತ್ತದೆಂದು ಕೇಳಿದೆ. "ಕಂಪನಿಯವರ ಹತ್ರ ಇರತ್ತೆ. ಅವರು ಕೊಡಲ್ಲ ಮಾವ. ನಮ್ಮದನ್ನ ನಾವೂ ಯಾರಿಗೂ ಕೊಡಲ್ಲ."

ಈ ಕೊನೆಯ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಇಂಧನ ಸಿಂಪಡಿಸುವ ವಿದ್ಯೆ ಈ ಊರಿಗೆ ನಿನ್ನೆ ಬಂದದ್ದಲ್ಲ. 1951ರಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಆಡುಗೋಡಿಯಲ್ಲಿ ಡೀಸೆಲ್ ಪಂಪುಗಳನ್ನೂ ಸ್ಪಾರ್ಕ್ ಪ್ಲಗ್ಗುಗಳನ್ನೂ ತಯಾರಿಸತೊಡಗಿದಂದಿನಿಂದ ಮೈಕೋ ಎಂಬ ಎರಡಕ್ಷರದ ಹೆಸರು ಒಂದು ಬಡಾವಣೆಗೂ, ಅಸಂಖ್ಯಾತ ಲಾರಿ ರಿಪೇರಿ ಅಂಗಡಿಗಳ ಫಲಕಗಳಿಗೂ ಅಂಟಿಕೊಂಡಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾದರೂ ಚಾಲಕರ ನಾಲಗೆಯಲ್ಲಿ ಅದು ಇನ್ನೂ ಮೈಕೋವೇ. ಆ ಕಾಲದ ಡೀಸೆಲ್ ನಾಜಲ್ಲುಗಳ ಒಂದು ಗುಣವನ್ನು ಇಲ್ಲಿ ನೆನೆಯಲೇಬೇಕು: ಅವುಗಳ ಜಾತಕವನ್ನು ಅವುಗಳ ಮೈಮೇಲೆಯೇ ಕೆತ್ತಿರುತ್ತಿದ್ದರು. ಡಿಎಲ್‌ಎಲ್‌ಎ ಎಂದಿದ್ದರೆ ಅದು ರಂಧ್ರಗಳುಳ್ಳ ಉದ್ದ ಮಾದರಿ, ಅದರ ಮುಂದಿನ ಸಂಖ್ಯೆ ಸಿಂಪರಣೆಯ ಕೋನ, ಆಮೇಲೆ ಬರುವ ಎಸ್ ಅಥವಾ ಪಿ ಗಾತ್ರದ ವರ್ಗ. ಈ ಲಿಪಿಯನ್ನು ಬಲ್ಲ ಕಲಾಸಿಪಾಳ್ಯದ ಮೇಸ್ತ್ರಿ ಯಾವ ಲಾರಿಯ ನಾಜಲ್ಲು ಯಾವ ಪಂಪ್‌ಸೆಟ್ಟಿಗೆ ಹೊಂದೀತೆಂದು ಯಾರನ್ನೂ ಕೇಳದೆ ಹೇಳಬಲ್ಲವನಾಗಿದ್ದ. ಕೈಸನ್ನೆಗೋಲಿನ ಪರೀಕ್ಷಾಯಂತ್ರದಲ್ಲಿ ಒತ್ತಿ, ಸ್ಪ್ರಿಂಗಿನ ಕೆಳಗೆ ಒಂದು ತೆಳುಬಿಲ್ಲೆಯನ್ನು ಹೆಚ್ಚಿಸಿಯೋ ಕಡಿಮೆ ಮಾಡಿಯೋ ಅದು ತೆರೆಯುವ ಒತ್ತಡವನ್ನು ಸರಿಪಡಿಸುತ್ತಿದ್ದ. ಇಂದಿನ ಕಾಮನ್‌ರೈಲ್ ಡೀಸೆಲ್ ಇಂಜೆಕ್ಟರಿನ ತಲೆಯ ಮೇಲೂ ಅಕ್ಷರಗಳಿವೆ. ಆದರೆ ಅವು ಮೇಸ್ತ್ರಿ ಓದಲೆಂದು ಬರೆದವಲ್ಲ. ಕಾರ್ಖಾನೆಯಲ್ಲಿ ಆ ಒಂದು ಇಂಜೆಕ್ಟರನ್ನು ಅಳೆದಾಗ ಕಂಡ ಸೂಕ್ಷ್ಮ ವ್ಯತ್ಯಾಸದ ಗೂಢಸಂಖ್ಯೆ, ಅದನ್ನು ಸ್ಕ್ಯಾನರಿನಿಂದ ಗಣಕಕ್ಕೆ ಬರೆಯದಿದ್ದರೆ ಎಂಜಿನ್ ಆ ಹೊಸಬನನ್ನು ಸರಿಯಾಗಿ ನಡೆಸಿಕೊಳ್ಳುವುದಿಲ್ಲ. ತಂತ್ರ ಸೂಕ್ಷ್ಮವಾದದ್ದಕ್ಕೆ ನನ್ನ ಆಕ್ಷೇಪವಿಲ್ಲ. ಸೂಕ್ಷ್ಮವಾದದ್ದೆಲ್ಲ ಗುಪ್ತವೂ ಆಗಿರಬೇಕೆಂಬ ವಾದವನ್ನು ಮಾತ್ರ ನಾನು ಒಪ್ಪಲಾರೆ.

ಒಪ್ಪದವನು ನಾನೊಬ್ಬನೇ ಅಲ್ಲ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿ, ಬಿಡಿಭಾಗಗಳನ್ನೂ ತಪಾಸಣೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ತಡೆಹಿಡಿಯುವುದು ಸಲ್ಲದೆಂದು ತೀರ್ಪಿತ್ತಿತು. ವಿಷಯ ಮೇಲ್ಮನವಿಗಳ ದಾರಿ ಹಿಡಿಯಿತು, ಪೀಣ್ಯದ ಗ್ಯಾರೇಜಿನಲ್ಲಿ ಅದರ ಫಲ ಕಂಡದ್ದು ಬಲು ಕಡಿಮೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಮತದಾರರು 2012ರಲ್ಲಿಯೇ ಮತಪೆಟ್ಟಿಗೆಯ ಮೂಲಕ ರಿಪೇರಿಯ ಹಕ್ಕನ್ನು ಪಡೆದರು. ನಮ್ಮ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ಸಮಿತಿ ರಚಿಸಿ, ಅದೇ ವರ್ಷ ಇದಕ್ಕೊಂದು ಜಾಲತಾಣವನ್ನೂ ತೆರೆದು, ವಾಹನಗಳನ್ನು ಅದರ ವ್ಯಾಪ್ತಿಗೆ ಸೇರಿಸಿದೆ. ಶುಭಸೂಚನೆಯೇ ಸರಿ. ಆದರೆ ಗ್ರಾಹಕ ಸಹಾಯವಾಣಿಯ ದೂರವಾಣಿಯಾಗಲಿ, ಸರ್ವೀಸ್ ಕೇಂದ್ರದ ವಿಳಾಸವಾಗಲಿ ನನ್ನ ಮೂರನೆಯ ಸಿಲಿಂಡರಿಗೆ ಉಪಯೋಗವಿಲ್ಲ. ಅದಕ್ಕೆ ಬೇಕಾದದ್ದು ಅರ್ಧ ಪುಟದ ಅಂಕಿಅಂಶ.

ಇಷ್ಟೊಂದು ಹಳೆಯ ಗಾಡಿಗೆ ಏಕೆ ಇಷ್ಟು ರಾದ್ಧಾಂತ, ಗುಜರಿಗೆ ಹಾಕಿ ಹೊಸದನ್ನು ಕೊಳ್ಳಬಾರದೆ ಎಂದು ಕೇಳುವವರಿದ್ದಾರೆ. ನನ್ನ ಮನೆಯಲ್ಲಿಯೇ ಇದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ: ಹಳೆಯ ಕಾರು ಹೊಸದಕ್ಕಿಂತ ಹೆಚ್ಚು ಹೊಗೆಯುಗುಳುತ್ತದೆ, ನಿಜ. ಆದರೆ ಅದು ಅತ್ಯಂತ ಹೆಚ್ಚು ಉಗುಳುವುದು ಒಗ್ಗದ ಇಂಜೆಕ್ಟರನ್ನು ಹೊತ್ತು ತಿರುಗಿದಾಗ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥನಾಲ್. ಅದನ್ನು ಪೂರ್ತಿ ಉರಿಸಲು ಕಡಿಮೆ ಗಾಳಿ ಸಾಕಾಗುವುದರಿಂದ ಅಷ್ಟೇ ಗಾಳಿಗೆ ಶೇಕಡಾ 8ರಷ್ಟು ಹೆಚ್ಚು ಇಂಧನ ಬೇಕು. ಹೊಗೆನಳಿಗೆಯ ಸಂವೇದಕ ಇದನ್ನು ಗಮನಿಸಿ ಸರಿದೂಗಿಸಲು ಯತ್ನಿಸುತ್ತದೆ. ಆದರೆ ಆ ಒಂದು ಸಂವೇದಕ ನಾಲ್ಕು ಸಿಲಿಂಡರುಗಳ ಒಟ್ಟು ಹೊಗೆಯನ್ನು ನೋಡುತ್ತದೆಯೇ ಹೊರತು ಬಡವನಾದ ಮೂರನೆಯದನ್ನು ಪ್ರತ್ಯೇಕವಾಗಿ ಗುರುತಿಸದು. ಒಂದು ಹಸಿದಿದೆಯೆಂದು ನಾಲ್ಕಕ್ಕೂ ಬಡಿಸುತ್ತದೆ. ಅಲ್ಲದೆ, 15 ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣದ ಶುಲ್ಕವನ್ನು 2022ರ ಏಪ್ರಿಲಿನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿ, ಅದನ್ನು ನನ್ನಿಂದ ಪಡೆದು, ಐದು ವರ್ಷ ಓಡಿಸಬಹುದೆಂದು ಮೊಹರು ಹಾಕಿಕೊಟ್ಟ ಸರಕಾರ, ಸರಿಯಾಗಿ ಓಡಿಸಲು ಬೇಕಾದ ತಿಳಿವಳಿಕೆ ಎಲ್ಲಿ ದೊರೆಯುತ್ತದೆಂಬುದನ್ನೂ ಹೇಳಬೇಕಾದುದು ನ್ಯಾಯ.

ಜನರಲ್ ಮೋಟರ್ಸ್ 2017ರ ಅಂತ್ಯಕ್ಕೆ ಇಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಅವಕ್ಕೂ ಮುಂಚೆ ಹೋದವರಿದ್ದಾರೆ, ಮುಂದೆಯೂ ಹೋಗುವವರಿರುತ್ತಾರೆ. ವ್ಯಾಪಾರದಲ್ಲಿ ಅದು ಸಹಜ. ಹೋಗುವವರು ಬಿಡಿಭಾಗಗಳನ್ನು ಕೊನೆಯವರೆಗೂ ಒದಗಿಸಬೇಕೆಂದು ನಾನು ಕೇಳುತ್ತಿಲ್ಲ. ತಮ್ಮ ಎಂಜಿನ್ನುಗಳ ಇಂಜೆಕ್ಟರಿನ ಹರಿವು, ಒತ್ತಡ, ರೋಧ, ಸಿಂಪರಣೆಯ ಕೋನ ಮತ್ತು ಆ ತಡದ ಕೋಷ್ಟಕವನ್ನು, ಜೊತೆಗೆ ಆ ಇಂಜೆಕ್ಟರನ್ನು ನಿಜವಾಗಿ ತಯಾರಿಸಿದವರು ಕೊಟ್ಟಿರುವ ಮೂಲಸಂಖ್ಯೆಯನ್ನು, ಸಾರಿಗೆ ಇಲಾಖೆಯಲ್ಲಿ ಠೇವಣಿ ಇಟ್ಟು ಹೋಗಲಿ ಎನ್ನುತ್ತೇನೆ. ಸಾರ್ವಜನಿಕರು ಓದುವಂತೆ ಇಡಲಿ. ಇದರಿಂದ ಯಾವ ವ್ಯಾಪಾರರಹಸ್ಯ ಹೊರಬೀಳುತ್ತದೆಂದು ನನಗೆ ತಿಳಿಯದು. 20 ವರ್ಷದ ಹಿಂದಿನ ಇಂಜೆಕ್ಟರಿನ ಹರಿವನ್ನು ಕದ್ದು ಕೋಟ್ಯಧೀಶನಾಗುವ ಪ್ರತಿಸ್ಪರ್ಧಿ ಇನ್ನೂ ಹುಟ್ಟಿಲ್ಲ. ಅಳೆದು ನೋಡಲು ಈ ಊರಿನಲ್ಲಿ ಸಲಕರಣೆಗೆ ಕೊರತೆಯೂ ಇಲ್ಲ. ತುಮಕೂರು ರಸ್ತೆಯಲ್ಲಿ 1962ರಿಂದ ಇರುವ ಸಿಎಂಟಿಐ ಸಂಸ್ಥೆ ಸೂಕ್ಷ್ಮ ಮಾಪನಕ್ಕೆ ಹೆಸರಾದದ್ದು. ಅದರಿಂದಾಚೆಗೆ ಪೀಣ್ಯದ ಸಾವಿರಾರು ಸಣ್ಣ ಕಾರ್ಖಾನೆಗಳು ಮೈಕ್ರಾನುಗಳಲ್ಲಿಯೇ ಮಾತನಾಡುತ್ತವೆ. ಎಲೆಕ್ಟ್ರಾನಿಕ್ ಸಿಟಿಯ ಬದಿಯ ನಾಗನಾಥಪುರದಲ್ಲಿ ಸ್ಪಾರ್ಕ್ ಪ್ಲಗ್ಗು ತಯಾರಾಗುತ್ತದೆ. ವೈಟ್‌ಫೀಲ್ಡಿನಲ್ಲಿ ಜಗತ್ತಿನ ಎಂಜಿನ್ನುಗಳಿಗೆ ಬುದ್ಧಿ ಬರೆಯುತ್ತಾರೆ. ಒಂದು ಸರಕಾರಿ ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದಲ್ಲಿ ನಾಲ್ಕು ಗಾಜಿನ ಕೊಳವೆಗಳ ಆ ಯಂತ್ರವನ್ನಿಟ್ಟು, ಸಾಧಾರಣ ಶುಲ್ಕಕ್ಕೆ ಅಳೆದು, ಫಲಿತಾಂಶವನ್ನು ಪ್ರಕಟಿಸುತ್ತ ಹೋಗುವುದು ಯಾವ ದೊಡ್ಡ ಯೋಜನೆ?

ನನ್ನ ಕಾರಿನ ಸಮಸ್ಯೆ ಬಗೆಹರಿದದ್ದು ಇದಾವುದರಿಂದಲೂ ಅಲ್ಲ, ಮೇಸ್ತ್ರಿಯವರ ಒಂದು 200 ಪುಟದ ನೋಟ್‌ಬುಕ್ಕಿನಿಂದ. ರಟ್ಟು ಎಣ್ಣೆಯಿಂದ ಕಪ್ಪಾಗಿ, ಅಂಚುಗಳು ಸುರುಳಿಯಾಗಿರುವ ಆ ಪುಸ್ತಕದಲ್ಲಿ, ತಾವು ಅಳೆದ ಪ್ರತಿಯೊಂದು ಇಂಜೆಕ್ಟರಿನ ಸಂಖ್ಯೆ, ರೋಧ, ಹರಿವು, ಅದು ಯಾವ ಯಾವ ಗಾಡಿಗೆ ಕೂತಿತು, ಯಾವುದಕ್ಕೆ ಒಗ್ಗಿತು ಎಂಬುದನ್ನು ಅವರು 2006ರಿಂದ ಬರೆದಿಟ್ಟಿದ್ದಾರೆ. ಕಾರು ಕಂಪನಿಯ ಪೆಟ್ಟಿಗೆಯ ಮೇಲಿನ ಸಂಖ್ಯೆ ಒಂದು, ಇಂಜೆಕ್ಟರಿನ ಮೈಮೇಲೆ ಅದರ ತಯಾರಕ ಕೆತ್ತಿದ ಸಂಖ್ಯೆ ಮತ್ತೊಂದು. ಈ ಎರಡನೆಯದನ್ನು ಹಿಡಿದು ಹುಡುಕಿದಾಗ, ಬೇರೊಂದು ಕಂಪನಿಯ ಅದೇ ಕಾಲದ ಕಾರಿನಲ್ಲಿಯೂ ಅದರ ಒಡಹುಟ್ಟಿದ್ದಿತೆಂಬುದು ಒಂದು ಪುಟದ ಮೂಲೆಯಲ್ಲಿ ಸಿಕ್ಕಿತು. ಅದೇ ಭಾಯ್ ಅವರ ಅಂಗಡಿಯಲ್ಲಿ, ನಾನು ಹಿಂದೆ ನೋಡದೆ ಬಿಟ್ಟಿದ್ದ ಇನ್ನೊಂದು ಡಬ್ಬದಲ್ಲಿ, ನಾಲ್ಕೂ ಇದ್ದವು. ಹಳೆಯವನ್ನು ಹಿಂದಕ್ಕೆ ತೆಗೆದುಕೊಂಡು, ಮುಖ ನೋಡಿ ಸ್ವಲ್ಪ ದರವನ್ನೂ ಇಳಿಸಿದರು. ಪುಸ್ತಕದ ನಕಲು ತೆಗೆಸಿಡಿರೆಂದು ಮೇಸ್ತ್ರಿಯವರಿಗೆ ಹೇಳಿದ್ದೇನೆ. ಇನ್ನೂ ತೆಗೆಸಿಲ್ಲ.

ಈಗ ನನ್ನ ಕಾರಿನಲ್ಲಿರುವ ನಾಲ್ಕರ ರೋಧ 14.4 ಓಮ್, 3 ಬಾರ್‌ನಲ್ಲಿ ಹರಿವು ನಿಮಿಷಕ್ಕೆ 185, 186, 185, 187 ಮಿಲಿಲೀಟರ್. ಎರಡು ಕಾರುಗಳ ಹೆಸರುಗಳನ್ನೂ ಮೂಲಸಂಖ್ಯೆಯನ್ನೂ ಒಂದು ಹಾಳೆಯಲ್ಲಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದೇನೆ. ಬೇಕಾದವರು ನನ್ನ ಹೆಸರಿಗೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಿದರೆ ನಕಲನ್ನು ಕಳುಹಿಸಿಕೊಡುತ್ತೇನೆ. ತಮ್ಮ ಹಳೆಯ ಗಾಡಿಗೆ ಒಗ್ಗಿದ್ದನ್ನು ಕಂಡುಕೊಂಡವರು ತಮ್ಮ ಅಂಕಿಗಳನ್ನೂ ದಯವಿಟ್ಟು ಬರೆದು ಕಳುಹಿಸಲಿ.